ಕೆಂಚಿಯನ್ನು ಕಾಗದಕ್ಕಿಳಿಸಿದ ಬಗೆ

ಸಾಕಿದ ಪ್ರಾಣಿಯ ಚಿತ್ರವನ್ನು ಅದು ತೀರಿಕೊಂಡ ಮೇಲೆ ಬರೆಸುವುದೇ ನಮ್ಮಲ್ಲಿ ರೂಢಿ. ಕೋಲಾರದಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದಷ್ಟು ಕಾಲವೂ, ಮೊಬೈಲಿನಲ್ಲಿ ಉಳಿದ ಮಸುಕು ಫೋಟೋವೊಂದನ್ನು ತೋರಿಸಿ "ಮೇಷ್ಟ್ರೇ, ಇದನ್ನೇ ನೋಡಿ ಬರೆದುಕೊಡಿ" ಎನ್ನುವವರು ಮನೆಗೆ ಬರುತ್ತಿದ್ದರು. ಅಂಥ ಫೋಟೋದಿಂದ ಒಂದು ನಾಯಿಯನ್ನು ಬರೆಯಬಹುದೇ ಹೊರತು ಅವರ ನಾಯಿಯನ್ನಲ್ಲ. ಆದ್ದರಿಂದ ನಮ್ಮ ಕೆಂಚಿಗೆ ಮುಪ್ಪು ಅಡರುತ್ತಿದ್ದುದನ್ನು ಕಂಡಾಗ, ಅದು ಬದುಕಿರುವಾಗಲೇ ಬರೆಯಲು ಕುಳಿತೆ.

ಕೆಂಚಿ ಬೀದಿಯಿಂದ ಬಂದು ಮನೆ ಸೇರಿದ ನಾಯಿ. ಮೈಬಣ್ಣ ಒಣಗಿದ ರಾಗಿ ಹುಲ್ಲಿನಂತೆ. ಎಡಗಿವಿಯ ತುದಿ ಯಾವುದೋ ಹಳೆಯ ಕಾದಾಟದಲ್ಲಿ ಹರಿದಿತ್ತು. ಎಚ್ಚರವಿರುವ ನಾಯಿ ಚಿತ್ರಕಾರನಿಗಾಗಿ ಕದಲದೆ ಕೂರುವುದಿಲ್ಲವಾದ್ದರಿಂದ ಮೊದಲು ಅದರ ನಿದ್ದೆಯನ್ನು ಬರೆದೆ. ಒಂದೇ ಹಾಳೆಯಲ್ಲಿ ನಾಲ್ಕೈದು ಭಂಗಿಗಳನ್ನು ಆರಂಭಿಸಿ, ಅದು ಮಗ್ಗುಲು ಬದಲಿಸಿದೊಡನೆ ಆ ರೇಖೆಯನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಪ್ರಾಣಿಗಳು ಹಳೆಯ ಭಂಗಿಗೆ ಮತ್ತೆ ಮತ್ತೆ ಮರಳುವುದರಿಂದ ಬಿಟ್ಟ ರೇಖೆಯನ್ನು ಮುಂದುವರಿಸಲು ಅವಕಾಶ ಸಿಕ್ಕೇ ಸಿಗುತ್ತದೆ. ಕತ್ತಿನಿಂದ ಬಾಲದ ಬುಡದವರೆಗೆ ಬೆನ್ನು ಹೇಗೆ ಬಾಗುತ್ತದೆ, ತಲೆಯ ಭಾರ ಯಾವ ಮುಂಗಾಲಿನ ಮೇಲೆ ಬೀಳುತ್ತದೆ ಎಂಬುದು ಕೈಗೆ ಹತ್ತಿದ್ದು ಈ ಅರೆಬರೆ ರೇಖೆಗಳಿಂದಲೇ.

ಕಣ್ಣು ಮೂಗುಗಳ ವಿವರಕ್ಕೆ ಫೋಟೋ ಬೇಕು. ಬೆಳಗಿನ ಬೆಳಕು ಪಕ್ಕದಿಂದ ಬೀಳುವ ಜಗಲಿಯ ಮೇಲೆ ನೆಲಕ್ಕೊರಗಿ, ಮೊಬೈಲನ್ನು ನಾಯಿಯ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದೆ. ತೀರ ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಫ್ಲ್ಯಾಶ್ ಸಲ್ಲದು, ನಾಯಿಯ ಅಕ್ಷಿಪಟಲದ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಕಣ್ಣಿನ ನಿಜವಾದ ಬಣ್ಣ ಅಡಗಿ ಹಸಿರು ಹೊಳಪಷ್ಟೇ ಉಳಿಯುತ್ತದೆ.

ಚಿತ್ರಕ್ಕೆ ಆಮ್ಲರಹಿತವಾದ ದಪ್ಪ ಕಾಗದವನ್ನು ಆರಿಸಿಕೊಂಡೆ. ಗಟ್ಟಿ ಸೀಸದ 2ಎಚ್ ಪೆನ್ಸಿಲ್ಲಿನಿಂದ ತೆಳುವಾಗಿ ಹೊರರೇಖೆ ಎಳೆದು, ಕಣ್ಣುಗಳನ್ನು ಮೊದಲು ಮುಗಿಸಿದೆ. ಅವು ಕೂಡಿಬರದಿದ್ದರೆ ರೋಮದ ಮೇಲೆ ದುಡಿದದ್ದೆಲ್ಲ ದಂಡ. ಕಣ್ಣಿನ ಮಿಂಚು ರಬ್ಬರಿನಿಂದ ಅಳಿಸಿ ತೆಗೆದ ಬಿಳುಪಾಗಿರದೆ ಆರಂಭದಿಂದಲೂ ಮುಟ್ಟದೆ ಬಿಟ್ಟ ಕಾಗದವಾಗಿರಬೇಕು. ಮೀಸೆಗೂದಲಿಗೆ ನಾನು ಬಳಸಿದ್ದು ಮೊಂಡಾದ ದಪ್ಪ ಸೂಜಿಯನ್ನು. ಪೆನ್ಸಿಲ್ ತಾಕಿಸುವ ಮೊದಲೇ ಕೂದಲು ಬರುವ ಕಡೆ ಕಾಗದವನ್ನು ಸೂಜಿಯಿಂದ ಒತ್ತಿ ಸಣ್ಣ ಗೀರುಗಳನ್ನು ಮೂಡಿಸಿದರೆ, ಆಮೇಲೆ ಮೇಲೆಲ್ಲ ಛಾಯೆ ಕೊಟ್ಟಾಗಲೂ ಪೆನ್ಸಿಲ್ ಆ ತಗ್ಗುಗಳಿಗೆ ಇಳಿಯದೆ ಬಿಳಿಯ ಮೀಸೆ ತಾನಾಗಿ ಉಳಿಯುತ್ತದೆ. ರೋಮವನ್ನು ಅದು ಬೆಳೆಯುವ ದಿಕ್ಕಿನಲ್ಲೇ, ಮೂಗಿನಿಂದ ಹಣೆಗೂ ಕೆನ್ನೆಯಿಂದ ಕತ್ತಿಗೂ, ಗಿಡ್ಡ ಗೀಟುಗಳಿಂದ ಕಟ್ಟಿದೆ. ಕಪ್ಪು ನಾಯಿಯಾಗಿದ್ದರೆ ಇದ್ದಿಲನ್ನು ಬಳಸುತ್ತಿದ್ದೆ, ಏಕೆಂದರೆ ಮೆದು ಸೀಸದ 6ಬಿ ಪೆನ್ಸಿಲ್ಲನ್ನು ಗಾಢವಾಗಿ ತುಂಬಿದಲ್ಲಿ ಬೆಳಕಿಗೆ ಹೊಳಪು ಹೊಡೆದು ಕಪ್ಪೆಲ್ಲ ಬೂದಿಯಾಗಿ ಕಾಣುತ್ತದೆ.

ಹರಿದ ಕಿವಿಯ ವಿಷಯದಲ್ಲಿ ಮನೆಯಲ್ಲಿ ವಾದವಾಯಿತು. "ಆ ಕಿವಿಯೊಂದನ್ನು ಸರಿಮಾಡಿಬಿಡಿ ಅಂದ್ರೆ, ನೋಡೋಕೆ ಲಕ್ಷಣವಾಗಿರುತ್ತೆ" ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ನಾನು ಒಪ್ಪಲಿಲ್ಲ. ಕೆಂಚು ಬಣ್ಣದ ನಾಯಿಗಳು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದವು. ಕತ್ತಲಲ್ಲಿ ತಡವಿದರೂ ಇದು ಕೆಂಚಿಯೆಂದು ತಿಳಿಯುತ್ತಿದ್ದುದು ಆ ಕಿವಿಯಿಂದ.

ಇದಕ್ಕೆ ನನಗಿದ್ದ ಮೇಲ್ಪಂಕ್ತಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು. ಕ್ರಿ.ಶ. 949-50ರ ಆ ಶಾಸನದಲ್ಲಿ, ಮಣಲರನೆಂಬ ವೀರ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಕೇಳಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯಿದೆ. ಕಲ್ಲಿಗೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಡಲಾಗಿತ್ತು. ಶಿಲ್ಪಿ ಕಾಳಿಯನ್ನು ಸುಮ್ಮನೆ ನಿಲ್ಲಿಸದೆ ಹಂದಿಯ ಮೇಲೆರಗಿದ ಗಳಿಗೆಯಲ್ಲಿ ಕಂಡರಿಸಿದ್ದಾನೆ. ಕೆಂಚಿಗೆ ಅಂಥ ಶೌರ್ಯವೇನೂ ಇರಲಿಲ್ಲ, ಹಂದಿ ಕಂಡರೆ ಅದು ಒಳಗೋಡಿ ಬರುತ್ತಿತ್ತು. ಹಾಗಾಗಿ ಗೇಟಿನ ಸದ್ದಿಗೆ ತಲೆಯೆತ್ತಿ, ಒಳ್ಳೆಯ ಕಿವಿಯನ್ನು ನಿಮಿರಿಸಿ, ಹರಿದದ್ದನ್ನು ಜೋಲಾಗಿ ಬಿಡುತ್ತಿದ್ದ ಅದರದೇ ಭಂಗಿಯನ್ನು ಆರಿಸಿಕೊಂಡೆ.

ಪಂಜದ ಅಚ್ಚನ್ನೂ ತೆಗೆದಿಟ್ಟೆ. ಕಲ್ಲು ಕಸವಿಲ್ಲದಂತೆ ಹದಮಾಡಿದ ಜೇಡಿಮಣ್ಣಿನ ಬಿಲ್ಲೆಗೆ ಪಂಜವನ್ನು ಮೆಲ್ಲನೆ ಒತ್ತಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಕುಂಬಾರರ ಆವಿಗೆಯಲ್ಲಿ ಸುಡಿಸಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಣಗುವಾಗಲೂ ಬೇಯುವಾಗಲೂ ಮಣ್ಣು ಕುಗ್ಗುವುದರಿಂದ ಅಚ್ಚು ನಿಜವಾದ ಪಂಜಕ್ಕಿಂತ ಚಿಕ್ಕದಾಗುತ್ತದೆಂಬುದನ್ನು ಮೊದಲೇ ತಿಳಿದಿದ್ದರೆ ಬೇಸರವಾಗದು. ಕಲ್ಲಿನಲ್ಲೇ ಬೇಕೆನ್ನುವವರಿಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ದೂರವಲ್ಲ. ಅಲ್ಲಿನ ಶಿಲ್ಪಿಗಳ ಬಳಿ ಹೋಗುವಾಗ ಮುಂದಿನಿಂದ ತೆಗೆದ ಫೋಟೋ ಒಂದೇ ಸಾಲದು, ಪಕ್ಕದಿಂದ ಬರೆದ ರೇಖಾಚಿತ್ರವನ್ನೂ ಒಯ್ಯಬೇಕು.

ಕೆಂಚಿ ಈಗಿಲ್ಲ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಕದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿದ್ದೇನೆ. ಹೆಂಡತಿ ಹಬ್ಬದ ದಿನ ಅದಕ್ಕೆ ಕುಂಕುಮವಿಡುತ್ತಾಳೆ. ಗಾಜಿನ ಮೇಲಿರುವುದರಿಂದ ಅಡ್ಡಿಯಿಲ್ಲ, ಆದರೆ ಒದ್ದೆ ಹೂವಿನ ಹಾರ ಮಾತ್ರ ಬೇಡವೆಂದಿದ್ದೇನೆ, ಏಕೆಂದರೆ ನೀರು ಚೌಕಟ್ಟಿನ ಸಂದಿಗಿಳಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ.