ಒಂದೇ ಕಾಫಿ ದುಡ್ಡು, ನಾಲ್ಕು ಪಾಸ್‌ಬುಕ್ಕು

ಆಲ್ದೂರಿನ ಹತ್ತಿರ ನಮ್ಮದು ನಾಲ್ಕು ಎಕರೆ ತೋಟ. ಕುಯ್ಲು ಮುಗಿದು ಕಾಫಿ ಮಾರಿದಾಗ ಒಟ್ಟಿಗೆ ದುಡ್ಡು ಬರುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ. ಒಂದೇ ಖಾತೆಯಲ್ಲಿ ಮೂರು ಲಕ್ಷ ಕಂಡರೆ ಕೈ ಸುಮ್ನಿರಲ್ಲ ಅಲ್ವಾ? 2019ರಲ್ಲಿ ಹಾಗೇ ಬೈಕ್ ತಗೊಂಡೆ. ಜೂನ್‌ನಲ್ಲಿ ಮಗಳ ಫೀಸಿಗೂ, ಗಿಡಕ್ಕೆ ರೋಗ ಬಾರದಂತೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರೋಕೂ ಕೈಸಾಲ ಮಾಡಿದೆ.

ಖಾತೆ ಬೇರೆ ಬೇರೆ ಮಾಡುತ್ತೇನೆ ಅಂದಾಗ ಭಾವ, "ಪಾಸ್‌ಬುಕ್ ಹೆಚ್ಚಿದ್ರೆ ದುಡ್ಡು ಹೆಚ್ಚುತ್ತೇನಯ್ಯಾ?" ಅಂದರು. ಮೊದಮೊದಲು ಅವರ ಮಾತೇ ಗೆದ್ದಿತು. ಒಟ್ಟಿಗೆ ಐದು ಖಾತೆ ತೆರೆದಿದ್ದೆ. ಎರಡರಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ, ಕಾರ್ಡಿಗೆ ಶುಲ್ಕ, ಎಸ್ಸೆಮ್ಮೆಸ್ಸಿಗೆ ಶುಲ್ಕ. ಸುಮಾರು 1,800 ರೂಪಾಯಿ ಹೋಯಿತು. ಇನ್ನೊಂದನ್ನು ಎರಡು ವರ್ಷ ಮುಟ್ಟಲೇ ಇಲ್ಲ, ಅದು ನಿಷ್ಕ್ರಿಯವಾಯಿತು. ಕುಯ್ಲಿನ ನಡುವೆ ಕೆವೈಸಿಗೆ ಎರಡು ದಿನ ಅಲೆದೆ. ಈಗ ಪ್ರತಿ ಯುಗಾದಿಗೆ ಎಲ್ಲದಕ್ಕೂ ನೂರು ರೂಪಾಯಿ ಹಾಕುತ್ತೇನೆ.

ಈಗ ಉಳಿದಿರೋದು ನಾಲ್ಕು: ಮನೆ, ತೋಟ, ಆಸ್ಪತ್ರೆ, ಮಗಳ ಓದು. ಕಾರ್ಡು, ಫೋನಿನ ಪಾವತಿ ಎಲ್ಲ ಮನೆ ಖಾತೆಗೆ ಮಾತ್ರ. ತೋಟದ ಖಾತೆಯಿಂದ ತಿಂಗಳ 5ನೇ ತಾರೀಖು 12,000 ತಾನಾಗಿಯೇ ಅದಕ್ಕೆ ಬರುತ್ತದೆ, ಸಂಬಳದ ಹಾಗೆ. ಅಷ್ಟರಲ್ಲೇ ಮನೆ ನಡೆಯಬೇಕು. ಓದಿನದು ಅಂಚೆ ಕಚೇರಿಯಲ್ಲಿದೆ. 500 ಇದ್ದರೆ ಸಾಕು, ಬಡ್ಡಿ 4%. ಕಾರ್ಡು ಬೇಡ ಅಂದೆ. ಆ ಪಾಸ್‌ಬುಕ್ಕಿನ ಮೇಲೆ ಮಗಳೇ ಸ್ಕೆಚ್ ಪೆನ್ನಿನಲ್ಲಿ "ನನ್ನ ಕಾಲೇಜು" ಅಂತ ಬರೆದಿದ್ದಾಳೆ. ಅದನ್ನು ಹಿಡಿದು ದುಡ್ಡು ತೆಗೆಯೋಕೆ ನನಗೆ ಕಾಲೇ ಏಳಲ್ಲ.

ಬೆಳೆಸಾಲ ಇರುವ ಬ್ಯಾಂಕಿನಲ್ಲಿ ಉಳಿತಾಯ ಇಡಲೇಬೇಡಿ. ಕಂತು ತಪ್ಪಿದರೆ ಅಲ್ಲಿಂದಲೇ ಹಿಡಿದುಕೊಳ್ಳಬಹುದು. ಯಾವ ಖಾತೆಗೆ ಎಷ್ಟು ಪಾಲು ಅನ್ನೋ ಲೆಕ್ಕ ನನ್ನ ಹತ್ತಿರವೇ ಇರಲಿ. ಮೂರು ವರ್ಷ ಪೆಟ್ಟು ತಿಂದು ಕಲಿತದ್ದು.

ನಡುವೆ ಕಾಳುಮೆಣಸನ್ನೇ ಐದನೇ ಖಾತೆ ಮಾಡಿ ನೋಡಿದೆ. ಮಾರದೆ ಎರಡು ಮೂಟೆ ಇಟ್ಟೆ. ಒಂದು ಸರಿಯಾಗಿ ಒಣಗಿರಲಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಇನ್ನೊಂದಕ್ಕೆ ಒಳ್ಳೆ ರೇಟು ಸಿಕ್ಕಿತು. ಈ ಸಲ ಹಲ್ಲಿನಲ್ಲಿ ಕಚ್ಚಿ, ಟಕ್ ಅಂದ ಮೇಲೇ ಮೂಟೆ ಕಟ್ಟಿದ್ದೇನೆ.

ಹೋದ ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸೋ ಮಳೆ, ಕೈಕೊಟ್ಟಿತು. ಪಂಪಿನ ಡೀಸೆಲ್ಲಿಗೆ ಯಾರ ಹತ್ತಿರವೂ ಸಾಲ ಕೇಳಲಿಲ್ಲ. ತೋಟದ ಖಾತೆಯಿಂದ ಸುಮಾರು 20,000 ತೆಗೆದು ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕಿದೆ. ವಾರ ಕಳೆದು ಬಿಳಿ ಹೂವು ನೋಡೋಕೆ ಭಾವ ಬಂದರು. ಹೋಗುವಾಗ, "ಅಂಚೆ ಕಚೇರಿಗೆ ಹೋಗುವಾಗ ನನ್ನನ್ನೂ ಕರಿ" ಅಂದರು.