ಮನೆಯ ಕಲ್ಲು ಮಂಕಾಗಿದೆಯಾ? ಮೊದಲು ಒಂದು ನಿಂಬೆಹಣ್ಣು ತನ್ನಿ

ಹೋದ ದೀಪಾವಳಿಗೆ ಮನೆಗೆ ಬಣ್ಣ ಹಚ್ಚಿಸಿದೆವು. ಪಡಸಾಲೆಯ ಶಹಾಬಾದ್ ಫರಸಿ ಮೇಲೆ ಅಲ್ಲಲ್ಲಿ ಬಣ್ಣದ ಹನಿ ಬಿದ್ದಿತ್ತು. ನಾನು ಒಳಗೆ ಹೋಗಿ ಚಹಾ ತರುವಷ್ಟರಲ್ಲಿ ಬಣ್ಣದ ಕೆಲಸದ ಹುಡುಗ ಬಚ್ಚಲಿನ ಆಸಿಡ್ ಬಾಟಲಿ ತಂದು ಸುರಿದೇಬಿಟ್ಟಿದ್ದ. ಚುರ್ ಅಂತ ನೊರೆ ಎದ್ದಿತು. "ನೋಡ್ರಿ ಅಕ್ಕಾರ, ಹ್ಯಾಂಗ್ ಸ್ವಚ್ಛ ಆಗಾಕತ್ತೇತಿ" ಅಂದ. ಆ ನೊರೆ ಬರುತ್ತಿದ್ದದ್ದು ಕಲ್ಲು ಕರಗಿ. ಒಣಗಿದ ಮೇಲೆ ನೋಡಿದರೆ ಒಂದು ಪರಾತದಷ್ಟು ಜಾಗ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು, ಕೈಯಾಡಿಸಿದರೆ ಖರಖರ. ಬಣ್ಣದ ಹನಿ ಮಾತ್ರ ಅಲ್ಲೇ ಇತ್ತು! ಅದನ್ನು ಆಮೇಲೆ ಬಿಸಿನೀರಿನ ಬಟ್ಟೆ ಹಾಕಿ ನೆನೆಸಿ ಪ್ಲಾಸ್ಟಿಕ್ ಸ್ಕೇಲಿನಿಂದ ಕೆರೆದೆ, ಐದು ನಿಮಿಷದಲ್ಲಿ ಬಂತು.

ಅದನ್ನು ಸರಿಮಾಡಲು ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಕಲ್ಲು ಹಾಳಾಗುವುದು ತುಳಿದು ತುಳಿದು ಅಲ್ಲ, ಜಾಸ್ತಿ ತೊಳೆಯುವುದರಲ್ಲೇ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾದಾಗ ಹಳೇ ಊರಿನ ಮನೆಯಿಂದ ಹೊಸ್ತಿಲು ಮತ್ತು ಕಟ್ಟೆಯ ಕಲ್ಲು ಕಿತ್ತು ತಂದು ಇಲ್ಲಿ ಕೂರಿಸಿದ್ದೆವು. ಹೀಗಾಗಿ ಒಂದೇ ಮನೆಯಲ್ಲಿ ಮೂರು ಜಾತಿ ಕಲ್ಲಿದೆ. ಒಳಗೆ ಶಹಾಬಾದ್ ಫರಸಿ, ಹೊಸ್ತಿಲೂ ಅದೇ. ಅಡಿಗೆ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟ್. ಹೊರಗಿನ ಮೆಟ್ಟಿಲು, ಕಟ್ಟೆಗೆ ಗುಳೇದಗುಡ್ಡ–ಬಾದಾಮಿ ಕಡೆಯ ಮರಳುಗಲ್ಲು. ವಿಜಯಪುರದ ಕಡೆಯವರಾದರೆ ನಿಮ್ಮ ಹಳೇ ಮನೆಯಲ್ಲಿ ಗೋಳಗುಮ್ಮಟಕ್ಕೆ ಹಾಕಿದಂಥದೇ ಕರಿಕಲ್ಲು, ಅಂದರೆ ಬಸಾಲ್ಟ್, ಇರಬಹುದು. ಎಲ್ಲವೂ ಕಲ್ಲೇ, ಆದರೆ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಅದಕ್ಕೇ ನಿಂಬೆಹಣ್ಣು. ಬಾಗಿಲ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮೊಳೆಯಿಂದ ಸಣ್ಣದಾಗಿ ಗೀರಿ, ಬಂದ ಪುಡಿಯ ಮೇಲೆ ಎರಡು ಹನಿ ರಸ ಹಾಕಿ. ಬಗ್ಗಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು. ಶಹಾಬಾದ್, ಕಡಪಾ, ಮಾರ್ಬಲ್ ಎಲ್ಲ ಈ ಗುಂಪಿನವು. ಇವಕ್ಕೆ ಹುಳಿ ಅಂದರೆ ಆಗದು. ಆಸಿಡ್ ಬಿಡಿ, ನಿಂಬೆ, ವಿನೆಗರ್, ಹುಣಸೆ ರಸ, ಮಜ್ಜಿಗೆ, ಟೊಮೆಟೊ ಬಿದ್ದರೂ ಗುರುತು ಉಳಿಯುತ್ತದೆ. ಗುಳ್ಳೆ ಬರದಿದ್ದರೆ ಗ್ರಾನೈಟ್, ಬಸಾಲ್ಟ್ ಅಥವಾ ಮರಳುಗಲ್ಲು ಇರಬೇಕು. ಇದರಲ್ಲಿ ಮರಳುಗಲ್ಲು ಗೊತ್ತಾಗುವುದು ಸುಲಭ, ಸಕ್ಕರೆಯಂಥ ಕಾಳು ಕೈಗೆ ಸಿಗುತ್ತದೆ, ಒಂದು ಲೋಟ ನೀರು ಹಾಕಿದರೆ ಗಟಗಟ ಕುಡಿಯುತ್ತದೆ. ಪರೀಕ್ಷೆ ಆದ ಮೇಲೆ ಆ ಜಾಗ ತೊಳೆದು ಒರೆಸಿಬಿಡಿ.

ಈಗ ಶಹಾಬಾದ್ ಕಥೆ. ಆಸಿಡ್ ತಿಂದ ಜಾಗಕ್ಕೆ ಯಾವ ಲಿಕ್ವಿಡ್ ಹಾಕಿದರೂ ಉಪಯೋಗ ಇಲ್ಲ, ಯಾಕೆಂದರೆ ಅದು ಕಲೆಯಲ್ಲ, ಗಾಯ. ಮೇಲಿನ ಪದರ ಉಜ್ಜಿ ಸಮ ಮಾಡಬೇಕು. ಸಣ್ಣ ಜಾಗವಾದರೆ ಕೈಯಲ್ಲೇ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರು ಹಾಕಿ ಉಜ್ಜುವ ಕಪ್ಪು ಪಾಲಿಶ್ ಪೇಪರ್ ಕೇಳಿ, 400, 800, 1500 ನಂಬರಿನದು ಎರಡೆರಡು ಹಾಳೆ ಸಾಕು (ನಂಬರ್ ದೊಡ್ಡದಾದಷ್ಟು ಪೇಪರ್ ನುಣುಪು). ಒಂದು ಮರದ ತುಂಡಿಗೆ ಪೇಪರ್ ಸುತ್ತಿ, ನೀರು ಚಿಮುಕಿಸುತ್ತಾ, 400ರಿಂದ ಶುರು ಮಾಡಿ ಗುಂಡಗೆ ಉಜ್ಜಿ. ಬಿಳಿ ಮಜ್ಜಿಗೆಯಂಥ ನೀರು ಬರುತ್ತದೆ, ಒರೆಸಿ, ಒಣಗಿಸಿ, ನೋಡಿ. ಬೂದಿ ಬಣ್ಣ ಪೂರ್ತಿ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ನಾನು ಅವಸರ ಮಾಡಿ 400ರಲ್ಲಿ ಅರ್ಧಕ್ಕೇ ಬಿಟ್ಟು 1500 ಹಿಡಿದೆ, ಹೊಳಪು ಬಂತು, ಆದರೆ ಹೊಳಪಿನ ಕೆಳಗೆ ಗೀರು ಎದ್ದು ಕಂಡವು, ಮತ್ತೆ ಮೊದಲಿನಿಂದ. ಗಾಯದ ಅಂಚಿನಿಂದ ನಾಲ್ಕು ಬೆರಳು ಹೊರಗಿನವರೆಗೂ ಉಜ್ಜಿ, ಇಲ್ಲದಿದ್ದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ನನಗೆ ಆ ಪರಾತದಷ್ಟು ಜಾಗಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಭುಜದ ನೋವು ಬೇರೆ.

ಇಡೀ ಪಡಸಾಲೆ ಮಂಕಾಗಿದ್ದರೆ ಮಷಿನ್‌ನವರನ್ನೇ ಕರೆಯಿರಿ. ಆದರೆ ಮೊದಲೇ ಎರಡು ಮಾತು ಕೇಳಿಕೊಳ್ಳಿ: ನೀರು ಹಾಕಿ ಉಜ್ಜುತ್ತೀರಾ, ಕೊನೆಯ ನಂಬರ್ ಎಷ್ಟು. ಒಣಗಿದ್ದನ್ನೇ ಉಜ್ಜುತ್ತೇವೆ ಅಂದರೆ ಬೇಡ ಅನ್ನಿ. ಕಲ್ಲಿನ ಧೂಳಿನಲ್ಲಿ, ಅದರಲ್ಲೂ ಗ್ರಾನೈಟ್, ಮರಳುಗಲ್ಲಿನದರಲ್ಲಿ, ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೂತರೆ ಹೊರಗೆ ಬರುವುದಿಲ್ಲ. ಉಜ್ಜಿದ ಕೆಸರು ನೀರನ್ನು ಬಚ್ಚಲಿಗೆ ಬಿಡಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತದೆ. ಇನ್ನು ಪಾಲಿಶ್ ಇಲ್ಲದ ಒರಟು ಶಹಾಬಾದ್ ಇದ್ದವರು ಸುಮ್ನೆ ಸೋಪಿನ ನೀರಲ್ಲಿ ತೊಳೆದು ಹಾಗೇ ಬಿಡಿ, ಅದರ ಚೆಂದವೇ ಅದು.

ಎಣ್ಣೆ ಕಲೆಗೆ ಉಜ್ಜುವುದು ಬೇಡ, ಹೀರಿಸಬೇಕು. ಬದನೆಕಾಯಿ ಎಣ್ಣೆಗಾಯಿ ಬಾಣಲೆ ಕೆಳಗಿಟ್ಟು ನಮ್ಮಲ್ಲಿ ಒಂದು ಕಪ್ಪು ವೃತ್ತವೇ ಆಗಿತ್ತು. ಅಡಿಗೆ ಸೋಡಾಕ್ಕೆ ನೀರು ಮತ್ತು ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆಣ್ಣೆಯ ಹದಕ್ಕೆ ಕಲಸಿ. ಕಲೆಗಿಂತ ಸ್ವಲ್ಪ ಅಗಲಕ್ಕೆ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಅಂಚಿಗೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಕೆಲಸ ಆಗುವುದು ಒಣಗುವಾಗಲೇ, ಎಣ್ಣೆ ಮೇಲೆದ್ದು ಪುಡಿಗೆ ಸೇರುತ್ತದೆ. ಮರದ ಚಮಚದಿಂದ ಎಬ್ಬಿಸಿ ಒರೆಸಿ. ಹಳೇ ಕಲೆಗೆ ಮೂರು ಸಲವಾದರೂ ಮಾಡಬೇಕಾಗುತ್ತದೆ. ಅರಿಶಿನ, ಚಹಾ ಕಲೆಗೆ ನೀರಿನ ಬದಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಲಸಿ. ಕಪ್ಪು ಕಡಪಾ ಮೇಲೆ ಇದು ಬೇಡ, ಬಣ್ಣ ತೆಳುವಾಗಬಹುದು. ಗ್ಯಾಸ್ ಸಿಲಿಂಡರಿನ ತುಕ್ಕಿನ ಉಂಗುರ ಮಾತ್ರ ಬಹಳ ಹಟಮಾರಿ. ತುಕ್ಕು ತೆಗೆಯುವ ದ್ರವಗಳಲ್ಲಿ ಹೆಚ್ಚಿನವು ಆಸಿಡ್ಡೇ, ಶಹಾಬಾದ್‌ಗೆ ಹಾಕಿದರೆ ಉಂಗುರದ ಬದಲು ಗುಂಡಿ ಸಿಗುತ್ತದೆ. ಸಿಲಿಂಡರ್ ಕೆಳಗೆ ಟ್ರಾಲಿ ಇಡಿ, ಇದ್ದ ಉಂಗುರದ ಮೇಲೆ ಹಿಟ್ಟಿನ ಡಬ್ಬಿ ಇಡಿ. ನಾವು ಹಾಗೇ ಮಾಡಿದ್ದೇವೆ.

ನಮ್ಮ ಕಡೆಯ ದೊಡ್ಡ ತಲೆನೋವು ಬೋರಿನ ಸವುಳು ನೀರು, ಅಲ್ವಾ? ನಲ್ಲಿಯ ಸುತ್ತ ಬಿಳಿ ಹೊಪ್ಪಳೆ ಕಟ್ಟುತ್ತದೆ. ಗ್ರಾನೈಟ್ ಆದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಐದು ನಿಮಿಷ ಇಟ್ಟು ತೊಳೆದರೆ ಬಿಡುತ್ತದೆ. ಶಹಾಬಾದ್‌ಗೆ ಅದು ನಡೆಯದು. ಹೊಪ್ಪಳೆಯೂ ಸುಣ್ಣ, ಕಲ್ಲೂ ಸುಣ್ಣ, ಹುಳಿಗೆ ಎರಡರ ಭೇದ ತಿಳಿಯುವುದಿಲ್ಲ. ಅಲ್ಲಿ ಬ್ಲೇಡನ್ನು ಮಲಗಿಸಿ ಮೆಲ್ಲಗೆ ಕೆರೆಯುವುದೊಂದೇ ದಾರಿ. ಹಾಗೆಯೇ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎಂದೂ ಒಟ್ಟಿಗೆ ಹಾಕಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಹೊರಗಿನ ಮರಳುಗಲ್ಲಿಗೆ ಬೇರೆಯೇ ರೋಗ. ಮಳೆಗಾಲ ಮುಗಿದ ಮೇಲೆ ಬಿಳಿ ಉಪ್ಪು ಏಳುತ್ತದೆ, ಆಮೇಲೆ ಪದರ ಪದರವಾಗಿ ಉದುರುತ್ತದೆ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ಎತ್ತಿಹಾಕಿ, ತಂತಿ ಬ್ರಷ್ ಬೇಡ, ಪ್ರೆಶರ್ ಪಂಪ್ ಅಂತೂ ಬೇಡವೇ ಬೇಡ. ನಮ್ಮ ಕಟ್ಟೆಯಲ್ಲಿ ಸಂದಿಗೆ ಸಿಮೆಂಟ್ ಹಾಕಿಸಿದ್ದೆವು. ಸಿಮೆಂಟ್ ಗಟ್ಟಿಯಾಗಿ ಕೂತಿತು, ಪಕ್ಕದ ಕಲ್ಲು ಉದುರಿತು, ಯಾಕೆಂದರೆ ತೇವಕ್ಕೆ ಹೊರಬರಲು ಕಲ್ಲೊಂದೇ ದಾರಿ ಉಳಿದಿತ್ತು. ಈಗ ಸಂದಿಯನ್ನು ಎರಡು ಸೆಂಟಿಮೀಟರ್ ಆಳಕ್ಕೆ ಕೆತ್ತಿ, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ತುಂಬಿಸಿದ್ದೇವೆ, ವಾರವಿಡೀ ಒದ್ದೆ ಗೋಣಿತಟ್ಟು ಮುಚ್ಚಿಟ್ಟಿದ್ದೆವು. ಸುಣ್ಣ ಮುಟ್ಟುವಾಗ ಕೈಗವಸು, ಕನ್ನಡಕ ಬೇಕು. ಮರಳುಗಲ್ಲು ಬಡಕಲು ಅನ್ನಬೇಡಿ ಮತ್ತೆ, ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಅದೇ ಕಲ್ಲಿನಲ್ಲಿದೆ, ಮಳೆ ತಾಗದ ಕಡೆ.

ಸೀಲರ್, ಅಂದರೆ ಕಲ್ಲು ನೀರು, ಎಣ್ಣೆ ಹೀರದಂತೆ ಹಚ್ಚುವ ದ್ರವ, ಬೇಕಾ ಅಂತ ತಿಳಿಯಲು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಅಡಿಯಲ್ಲಿ ಕಪ್ಪಾದರೆ ಬೇಕು. ಒಳಗೆ ಇಳಿಯುವಂಥದ್ದನ್ನು ಕೇಳಿ, ಮೇಲೆ ವಾರ್ನಿಷ್‌ನಂತೆ ಕೂರುವಂಥದ್ದು ಬೇಡ. ಕಲ್ಲು ಎರಡು ದಿನ ಪೂರ್ತಿ ಒಣಗಿರಬೇಕು, ಹಚ್ಚಿದ ಮೇಲೆ ಉಳಿದದ್ದನ್ನು ಹದಿನೈದು ನಿಮಿಷದೊಳಗೆ ಒರೆಸಬೇಕು, ಇಲ್ಲದಿದ್ದರೆ ಅಂಟು ಮಸುಕು. ಸೀಲರ್ ಹಾಕಿದರೆ ಕಲೆ ನಿಧಾನವಾಗಿ ಇಳಿಯುತ್ತದೆ ಅಷ್ಟೇ, ಹುಳಿ ತಡೆಯುವುದಿಲ್ಲ. ಕಡಪಾಕ್ಕೆ ಕೊಬ್ಬರಿ ಎಣ್ಣೆ ಒರೆಸುವವರಿದ್ದಾರೆ, ಎರಡು ದಿನ ಕರ್ರಗೆ ಮಿಂಚುತ್ತದೆ, ಮೂರನೇ ದಿನ ಧೂಳೆಲ್ಲ ಅಲ್ಲೇ.

ದಿನಾ ಮಾಡಬೇಕಾದದ್ದು ಕಡಿಮೆ. ಒರೆಸುವ ಮೊದಲು ಕಸ ಗುಡಿಸಿ, ಏಕೆಂದರೆ ಮರಳಿನ ಕಾಳು ಶಹಾಬಾದ್‌ಗಿಂತ ಬಹಳ ಗಟ್ಟಿ, ಒದ್ದೆ ಬಟ್ಟೆಯ ಕೆಳಗೆ ಸಿಕ್ಕರೆ ಪಾಲಿಶ್ ಪೇಪರಿನ ಕೆಲಸವನ್ನೇ ಮಾಡುತ್ತದೆ. ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ಲಿಕ್ವಿಡ್, ಆಮೇಲೆ ಬರೀ ನೀರು.

ನಮ್ಮ ಹೊಸ್ತಿಲಿನ ಎರಡು ತುದಿಗೂ ರೂಪಾಯಿ ನಾಣ್ಯದಷ್ಟು ಬಿಳಿ ಗುರುತುಗಳಿದ್ದವು, ಒಂದರ ಮೇಲೊಂದು. ಹಳೇ ಕಲ್ಲು, ಹಾಗೇ ಇರಬೇಕು ಅಂದುಕೊಂಡಿದ್ದೆ. ಆಸಿಡ್ ಪ್ರಕರಣ ಆದ ಮೇಲೆ ಗೊತ್ತಾಯಿತು, ಅದು ಪ್ರತಿ ಅಮಾವಾಸ್ಯೆಗೆ ಕುಂಕುಮ ಹಚ್ಚಿ ಇಡುವ ನಿಂಬೆ ಹೋಳಿನ ಗುರುತು. ಅವ್ವನಿಗೆ ಹೇಳಿದೆ. ಪದ್ಧತಿ ಬಿಡುವುದಿಲ್ಲ ಅಂದಳು. ಈಗ ಹೋಳಿನ ಕೆಳಗೆ ಒಂದೊಂದು ವೀಳ್ಯದೆಲೆ ಇಡುತ್ತಾಳೆ.