ಮಲ್ಲಿಗೆ ದಂಡೆಯ ಒಟ್ಟಿಗೆ ಬಂದ ಕೂದಲು

"ಡಾಕ್ಟ್ರೇ, ಅಮ್ಮ ತಲೆಯಿಂದ ಮಲ್ಲಿಗೆ ತೆಗೆದದ್ದು, ಕೂದಲೂ ಒಟ್ಟಿಗೇ ಬಂತು." ಫೋನಿನಲ್ಲಿ ಮಗಳು ಹೀಗೆಂದಾಗ ನನ್ನ ಎದೆ ಧಸಕ್ಕೆಂದಿತು. ಆ ಅಮ್ಮನಿಗೆ ಅಜಾಥಿಯೊಪ್ರಿನ್ ಎಂಬ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಶುರುಮಾಡಿ 20 ದಿನ ಆಗಿತ್ತಷ್ಟೆ.

ನಾನು ಬದಿಯಡ್ಕ ಕಡೆಯ ಚರ್ಮದ ಡಾಕ್ಟರು. ಆ ಅಮ್ಮನದ್ದು ಪೆಂಫಿಗಸ್ ಎಂಬ ಚರ್ಮರೋಗ, ಬಾಯಿ ತುಂಬ ಹುಣ್ಣು, ಬೆನ್ನ ಮೇಲೆ ನೀರುಗುಳ್ಳೆ. ಸ್ಟೆರಾಯ್ಡ್ ಇಳಿಸಬೇಕಾದರೆ ಜೊತೆಗೆ ಇನ್ನೊಂದು ಮದ್ದು ಬೇಕು. ಅಜಾಥಿಯೊಪ್ರಿನ್ ಕೆಲವರ ಮೂಳೆಮಜ್ಜೆಯನ್ನೇ ಒಣಗಿಸುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಮೊದಲು, ಈ ಮದ್ದನ್ನು ಮೈ ಹೇಗೆ ಸಂಭಾಳಿಸುತ್ತದೆ ಎಂದು ತಿಳಿಯಲು ಟಿಪಿಎಂಟಿ ಎಂಬ ವಂಶವಾಹಿಯ ಪರೀಕ್ಷೆ ಮಾಡಿಸಿದ್ದೆ. ರಕ್ತ ಮಂಗಳೂರಿಗೆ ಹೋಯಿತು, ಹತ್ತು ದಿನಕ್ಕೆ ರಿಪೋರ್ಟ್ ಬಂತು: ನಾರ್ಮಲ್. ಆ ಒಂದು ಶಬ್ದ ನಂಬಿ ನಾನು ಮೈಮರೆತೆ. ವಾರಕ್ಕೊಮ್ಮೆ ರಕ್ತಕಣಗಳ ಕೌಂಟ್ ನೋಡುವುದು ಬಿಟ್ಟು "ತಿಂಗಳು ಕಳೆದು ಬನ್ನಿ" ಎಂದೆ. ಅಡಿಕೆ ಕೊಯ್ಲಿನ ಸಮಯ, ಅವರಿಗೂ ಅದೇ ಬೇಕಿತ್ತು.

ಅಂದೇ ಕರೆಸಿದೆ. ಕೂದಲು ಜಡೆಗಟ್ಟಿತ್ತು, ಬೆರಳಾಡಿಸಿದರೆ ಬುಡಸಮೇತ ಕೈಗೆ. ಬಿಳಿರಕ್ತಕಣ 4,000ಕ್ಕಿಂತ ಮೇಲಿರಬೇಕು, ಅವರದ್ದು 1,300. ಜ್ವರ ಬಂದಿರಲಿಲ್ಲ, ಅದೊಂದು ಪುಣ್ಯ. ಮಾತ್ರೆ ನಿಲ್ಲಿಸಿ ಮಂಗಳೂರಿಗೆ ಕಳಿಸಿದೆ.

ರಾತ್ರಿ ಕೂತು ಓದಿದೆ. ಈ ಮದ್ದು ಮೈಯೊಳಗೆ ಥಯೋಗ್ವಾನಿನ್ ಎಂಬ ರೂಪ ತಾಳಿ, ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳ ಡಿಎನ್‌ಎಗೆ ನುಗ್ಗುತ್ತದೆ. ಮಜ್ಜೆಯೂ ಕೂದಲಬುಡವೂ ಅಂಥವೇ. ಟಿಪಿಎಂಟಿ ಮದ್ದನ್ನು ಅರ್ಧದಾರಿಯಲ್ಲೇ ಬೇರೆಡೆಗೆ ತಿರುಗಿಸುತ್ತದೆ. ಎನ್‌ಯುಡಿಟಿ15 ಎಂಬ ಇನ್ನೊಂದು ವಂಶವಾಹಿ, ಅದನ್ನೂ ದಾಟಿ ಬಂದದ್ದನ್ನು ಕೊನೆಯ ಬಾಗಿಲಲ್ಲಿ ತಡೆಯುತ್ತದೆ. ಯುರೋಪಿನವರಲ್ಲಿ ಕೆಡುವುದು ಹೆಚ್ಚಾಗಿ ಮೊದಲನೆಯದು, ಏಷ್ಯಾದವರಲ್ಲಿ ಎರಡನೆಯದು. 2014ರಲ್ಲಿ ಕೊರಿಯಾದ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯವರಲ್ಲಿ ಈ ಎರಡನೆಯದರ ನಂಟು ಪತ್ತೆಯಾಯಿತು. ನಾನು ಓದಿದ ಪುಸ್ತಕ ಅದಕ್ಕಿಂತ ಹಳೆಯದು. ಲ್ಯಾಬಿನವರ ತಪ್ಪೇನಿಲ್ಲ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಎರಡನೆಯ ಪರೀಕ್ಷೆಯಲ್ಲಿ ಗೊತ್ತಾಯಿತು: ಎನ್‌ಯುಡಿಟಿ15ರ ಎರಡೂ ಪ್ರತಿ, ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ, ಕೆಟ್ಟಿವೆ. ಇಂಥವರಿಗೆ ಈ ಮದ್ದೇ ಬೇಡ. ಒಂದು ಪ್ರತಿ ಕೆಟ್ಟಿದ್ದರೆ ಡೋಸ್ ತಗ್ಗಿಸಿ ಕೊಡಬಹುದು. ಕೌಂಟ್ ಚೇತರಿಸಿದ ಮೇಲೆ ಮೈಕೊಫೆನೊಲೇಟ್ ಎಂಬ ಬೇರೆ ಮದ್ದು ಕೊಟ್ಟೆವು, ಅದಕ್ಕೆ ಈ ಎರಡೂ ವಂಶವಾಹಿಗಳ ಗೊಡವೆಯಿಲ್ಲ.

ಈಗ ಚೀಟಿಯಲ್ಲಿ ಎರಡರ ಹೆಸರನ್ನೂ ಬಿಡಿಸಿ ಬರೆಯುತ್ತೇನೆ. ಎರಡೂ ನಾರ್ಮಲ್ ಬಂದರೂ ಮೊದಲ ತಿಂಗಳು ವಾರವಾರ ಕೌಂಟ್ ತಪ್ಪಿಸುವುದಿಲ್ಲ. ಬೇರೆ ಕಾರಣಕ್ಕೂ ಕಣ ಇಳಿಯುತ್ತದೆ. ಕೀಲು ಊದುವ ಗೌಟಿಗೆಂದು ಯಾರೋ ಅಲೊಪ್ಯೂರಿನಾಲ್ ಮಾತ್ರೆ ಸೇರಿಸಿದರೂ ಸಾಕು. ಹಾಗಾಗಿ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಸಮೇತ ತರಿಸಿ ಮೇಜಿನ ಮೇಲೆ ಸುರಿಸುತ್ತೇನೆ. "ಎಲ್ಲ ಮದ್ದಿಗೂ ಸೇರಿಸಿ ಒಂದೇ ಟೆಸ್ಟ್ ಇಲ್ವಾ?" ಎಂದು ಕೇಳುವವರಿದ್ದಾರೆ. ದೊಡ್ಡ ಪ್ಯಾಕೇಜುಗಳಿವೆ, ನಾನಾಗಿ ಬರೆಯುವುದಿಲ್ಲ. ಕೊಡಬೇಕೆಂದಿರುವ ಮದ್ದು ಯಾವುದೋ ಅದಕ್ಕಷ್ಟೇ.

ಆರು ತಿಂಗಳಾದ ಮೇಲೆ ತಾಯಿ ಮಗಳು ಬಂದರು. ಗುಂಗುರು ಕೂದಲು ಬೆರಳುದ್ದ ಬೆಳೆದಿತ್ತು. "ನನಗೂ ಉಂಟಾ ಡಾಕ್ಟ್ರೇ?" ಎಂದಳು ಮಗಳು.

"ಕೆಟ್ಟ ಪ್ರತಿ ಒಂದಂತೂ ಉಂಟೇ ಉಂಟು. ಅಮ್ಮನ ಹತ್ತಿರ ಸರಿಯಾದದ್ದು ಇಲ್ಲದ ಮೇಲೆ ನಿನಗೆ ಕೊಡುವುದೆಲ್ಲಿಂದ?"

ಮಂಗಳೂರಿನ ಆಸ್ಪತ್ರೆಗೆ ಹೋದರೂ ಪರಿಯಾರದ ಆಸ್ಪತ್ರೆಗೆ ಹೋದರೂ ತೋರಿಸಲು ಇಬ್ಬರಿಗೂ ಈ ವಂಶವಾಹಿಯ ವಿಷಯದ ಒಂದೊಂದು ಕಾರ್ಡು ಬರೆದುಕೊಟ್ಟೆ. ಅಮ್ಮ ತನ್ನದನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ತುರುಕಿದರು.